ಶೇರ್ವಾನಿಯ ಅಸ್ತರ್

ನಮ್ಮ ಅಬ್ಬಾ ತರೀಕೆರೆಯಲ್ಲಿ ಟೈಲರ್. ಇಪ್ಪತ್ತೇಳು ವರ್ಷಗಳಿಂದ ಬೇರೆಯವರ ಮದುವೆಗೆ ಕೋಟು, ಶೇರ್ವಾನಿ, ಪಠಾಣಿ ಹೊಲಿದುಕೊಟ್ಟಿದ್ದಾರೆ. ತಮಗೆ ಅಂತ ಒಂದು ಶೇರ್ವಾನಿಯನ್ನೂ ಹೊಲಿದುಕೊಂಡವರಲ್ಲ. ಈದ್‌ಗೆ ಬಿಳಿ ಕುರ್ತಾ ಪೈಜಾಮ, ಅಂಗಡಿಗೆ ಅರ್ಧ ತೋಳಿನ ಅಂಗಿ, ಕೊರಳಲ್ಲಿ ಅಳತೆ ಟೇಪು. ಅಷ್ಟೇ ಅವರ ವೇಷ. ಹಾಗಾಗಿ ಆಪಾಳ ಮದುವೆ ನಿಶ್ಚಯವಾದಾಗ ಅಬ್ಬಾ ಏನು ಹಾಕಿಕೊಳ್ಳಬೇಕು ಎನ್ನುವುದು ನಮ್ಮ ಮನೆಯಲ್ಲಿ ಬಿರಿಯಾನಿ ಎಷ್ಟು ಹಂಡೆ ಎನ್ನುವಷ್ಟೇ ದೊಡ್ಡ ಚರ್ಚೆಯಾಯಿತು.

ದುಲ್ಹೆಭಾಯಿಯವರದ್ದು ಮಂಗಳೂರಿನ ಕಡೆ, ಉಳ್ಳಾಲದ ಹತ್ತಿರ ಮನೆ. ಅವರ ಮನೆಮಾತು ಬ್ಯಾರಿ, ನಮ್ಮದು ಉರ್ದು. ಇಬ್ಬರಿಗೂ ಇನ್ನೊಬ್ಬರ ಮಾತು ಅರ್ಥವಾಗುವುದಿಲ್ಲ. ಆದ್ದರಿಂದ ಸಂಬಂಧ ಕೂಡಿಸಿದ ದಿನದಿಂದ ಎರಡೂ ಮನೆಯವರು ಮಾತಾಡಿದ್ದು ಕನ್ನಡದಲ್ಲಿ. ನಮ್ಮವರು 'ಕಣ್ರೀ' ಅಂದರೆ ಅವರು 'ಮಾರಾಯ್ರೆ' ಅನ್ನುತ್ತಿದ್ದರು. ನಿಕಾಹ್ ತರೀಕೆರೆಯಲ್ಲಿ ಭಾನುವಾರ, ವಲೀಮಾ ಮಂಗಳೂರಿನಲ್ಲಿ ಅದೇ ವಾರ ಗುರುವಾರ ಮಧ್ಯಾಹ್ನ ಅಂತ ತೀರ್ಮಾನವಾಯಿತು. ತಿಂಗಳು ಮೇ.

ಅಜ್ಜಂಪುರದ ಮಾಮು ಬೆಂಗಳೂರಿಗೆ ಹೋಗಿ ಅಬ್ಬಾಗೆ ಒಂದು ರೆಡಿಮೇಡ್ ಶೇರ್ವಾನಿ ತಂದರು. ಕಡು ಕೆಂಪು ಬಣ್ಣ, ಮೈತುಂಬಾ ಹೂವಿನ ನೇಯ್ಗೆ, ಭುಜಕ್ಕೆ ಪ್ಯಾಡ್, ಕತ್ತಿನವರೆಗೆ ಬಂಗಾರ ಬಣ್ಣದ ಗುಂಡಿಗಳು. 9,500 ರೂಪಾಯಿ. ಅಬ್ಬಾ ಅದನ್ನು ಕೈಯಲ್ಲಿ ಹಿಡಿದ ಕೂಡಲೇ ಒಳಗಡೆ ತಿರುಗಿಸಿ ನೋಡಿದರು. ಟೈಲರ್‌ಗಳು ಬಟ್ಟೆ ನೋಡುವುದೇ ಹಾಗೆ. ಏನೂ ಹೇಳಲಿಲ್ಲ. ಮಾಮು ಪ್ರೀತಿಯಿಂದ ತಂದದ್ದು.

ನಿಕಾಹ್ ದಿನ ಅದನ್ನೇ ಹಾಕಿಕೊಂಡರು, ಯಾವ ತೊಂದರೆಯೂ ಆಗಲಿಲ್ಲ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಬಿಸಿಲು ಎಷ್ಟೇ ಜೋರಾಗಿದ್ದರೂ ಮರದ ನೆರಳಿಗೆ ಬಂದರೆ ಗಾಳಿ ಬೀಸುತ್ತದೆ, ಬೆವರು ಆರುತ್ತದೆ. ಕಷ್ಟ ಇದ್ದದ್ದು ಗುರುವಾರದ್ದು. ಅಬ್ಬಾಗೆ ನಾಲ್ಕು ವರ್ಷದಿಂದ ಬಿಪಿ ಮಾತ್ರೆ ನಡೆಯುತ್ತಿದೆ. ಸೆಕೆಯಲ್ಲಿ ಹೆಚ್ಚು ಹೊತ್ತು ಕೂರಬೇಡಿ, ನೀರು ಕುಡಿಯುತ್ತಿರಿ ಅಂತ ಡಾಕ್ಟರ್ ಹೇಳಿದ್ದಾರೆ. ಅಮ್ಮಿ, 'ಅಲ್ಲಿ ಕುರ್ತಾ ಹಾಕಿಕೊಂಡರೆ ಸಾಕು' ಅಂದರು. ಮಾಮು ಫೋನಿನಲ್ಲೇ, 'ಲೋಗಾಂ ಕ್ಯಾ ಬೋಲ್ತೆ?' ಅಂದರು. ಜನ ಏನಂತಾರೆ ಎನ್ನುವ ಈ ಪ್ರಶ್ನೆ ಎಲ್ಲ ಭಾಷೆಯಲ್ಲೂ ಇದೆ, ಎಲ್ಲ ಮನೆಯಲ್ಲೂ ಇದೆ.

ಆದರೆ ಅಬ್ಬಾ ಯೋಚಿಸುತ್ತಿದ್ದದ್ದು ಮಾಮು ಬಗ್ಗೆ ಮಾತ್ರ ಅಲ್ಲ. ಗಂಡಿನ ಕಡೆಯ ಆರುನೂರು ಜನರ ಎದುರು ಅವರು ಮೊದಲ ಸಲ ನಿಲ್ಲುವವರಿದ್ದರು. ಅವರದ್ದು ವ್ಯಾಪಾರದ ಕುಟುಂಬ, ನಮ್ಮದು ಒಂದು ಹೊಲಿಗೆ ಯಂತ್ರದ ಅಂಗಡಿ. 'ನಾಳೆ ನನ್ನ ಮಗಳಿಗೆ ಯಾರೂ ಟೈಲರ್ ಮನೆಯವಳು ಅಂತ ಹಗುರವಾಗಿ ಅನ್ನಬಾರದು' ಅಂತ ಅವರು ಅಮ್ಮಿಗೆ ಹೇಳಿದ್ದು ನನಗೆ ಕೇಳಿಸಿತ್ತು.

ನಾನು ಮೊಬೈಲ್ ತೆಗೆದು ಹವಾಮಾನ ನೋಡಿದೆ. ಕಡೂರು 35 ಡಿಗ್ರಿ, ಮಂಗಳೂರು 33. ನೋಡಿದರೆ ಮಂಗಳೂರೇ ತಂಪು! ಆದರೆ ಕೆಳಗೆ ಇನ್ನೊಂದು ಸಂಖ್ಯೆ ಇತ್ತು, ಗಾಳಿಯ ತೇವ. ಕಡೂರಿನಲ್ಲಿ ಶೇಕಡಾ 38, ಮಂಗಳೂರಿನಲ್ಲಿ 74. ಎಲ್ಲ ಆಟ ಇರುವುದು ಈ ಎರಡನೇ ಸಂಖ್ಯೆಯಲ್ಲಿ. ನಾನು ಕಾಮರ್ಸ್ ವಿದ್ಯಾರ್ಥಿ, ಆದ್ದರಿಂದ ಸೈನ್ಸ್ ಓದುವ ಗೆಳೆಯನನ್ನು ಕೇಳಿದೆ. ಅವನು ಮಣ್ಣಿನ ಹೂಜಿಯ ಉದಾಹರಣೆ ಕೊಟ್ಟ. ಹೂಜಿಯ ಮೈಯಿಂದ ನೀರು ಜಿನುಗಿ ಆವಿಯಾಗುತ್ತದೆ, ಆವಿಯಾಗುವಾಗ ಒಳಗಿನ ಶಾಖವನ್ನು ತೆಗೆದುಕೊಂಡು ಹೋಗುತ್ತದೆ, ನೀರು ತಣ್ಣಗಾಗುತ್ತದೆ. ನಮ್ಮ ಮೈಯೂ ಅದೇ ಹೂಜಿ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೋಗುತ್ತದೆ. ಆದರೆ ಸಮುದ್ರದ ಪಕ್ಕದ ಗಾಳಿ ಮೊದಲೇ ತೇವ ತುಂಬಿಕೊಂಡಿರುತ್ತದೆ. ಅದು ನಮ್ಮ ಬೆವರನ್ನು ಬೇಗ ಎತ್ತಿಕೊಳ್ಳುವುದಿಲ್ಲ. ಬೆವರು ಬರುತ್ತದೆ, ಇಳಿಯುತ್ತದೆ, ನೆಲಕ್ಕೆ ಬೀಳುತ್ತದೆ. ಮೈ ಮಾತ್ರ ತಣಿಯುವುದಿಲ್ಲ. ಮಂಗಳೂರಿನಲ್ಲಿ ಹೂಜಿಯ ನೀರು ಕಡೂರಿನಷ್ಟು ತಣ್ಣಗಾಗದಿರುವುದೂ ಇದೇ ಕಾರಣಕ್ಕೆ.

ಇದನ್ನೆಲ್ಲ ನಾನು ಅಬ್ಬಾಗೆ ದೊಡ್ಡದಾಗಿ ವಿವರಿಸಿದೆ. ಅವರು ಕೇಳಿಸಿಕೊಂಡು, 'ಅಸ್ತರ್ ತೆಗೆಯಬೇಕು' ಅಂದರು. ಅಷ್ಟೇ.

ಅಸ್ತರ್ ಅಂದರೆ ಕೋಟಿನ ಒಳಗೆ ಹಾಕುವ ಲೈನಿಂಗ್ ಬಟ್ಟೆ. ಸೋಮವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಶೇರ್ವಾನಿಯನ್ನು ಮೇಜಿನ ಮೇಲೆ ಮಗುಚಿ ಹಾಕಿದರು. ರಾತ್ರಿ ಹೊತ್ತು ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬ್ಲೇಡಿನಲ್ಲಿ ಹೊಲಿಗೆ ಬಿಚ್ಚುವ ಕೆಲಸ ನನ್ನದಾಯಿತು. ಒಳಗಿದ್ದದ್ದು ಜಾರುವಂಥ ಪಾಲಿಯೆಸ್ಟರ್. 'ಹೊರಗಿನದ್ದು ಜನಕ್ಕೆ, ಒಳಗಿನದ್ದು ಮೈಗೆ. ಅಂಗಡಿಯವರು ಜನಕ್ಕೆ ಮಾತ್ರ ಹೊಲಿಯುತ್ತಾರೆ' ಅಂದರು ಅಬ್ಬಾ. ಆಮೇಲೆ ನಾನು ಓದಿ ತಿಳಿದದ್ದು: ಒಣಗಿದ ಹತ್ತಿ ಬಟ್ಟೆ 100 ಗ್ರಾಂ ಇದ್ದರೆ ಸಾಧಾರಣ ಹವೆಯಲ್ಲಿ ಸುಮಾರು 8.5 ಗ್ರಾಂ ತೇವ ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಬರೀ 0.4 ಗ್ರಾಂ. ಅಂದರೆ ಶೇರ್ವಾನಿಯ ಒಳಗೆ ನಾವು ಒಂದು ಪ್ಲಾಸ್ಟಿಕ್ ಚೀಲ ಹಾಕಿಕೊಂಡ ಹಾಗೆ.

ಬೆನ್ನಿನ ಅಸ್ತರ್ ಪೂರ್ತಿ ತೆಗೆದರು. ಬೆನ್ನಿನ ಮೇಲರ್ಧಕ್ಕೆ ಮತ್ತು ಕಂಕುಳಿಗೆ ಮಾತ್ರ ತೆಳುವಾದ ಮಲ್‌ಮಲ್ ಹಾಕಿದರು. ಎದೆಯ ಭಾಗ ಮುಟ್ಟಲಿಲ್ಲ, ಅಲ್ಲಿ ಬಕ್ರಂ ಇದೆ, ತೆಗೆದರೆ ಮುಂಭಾಗ ಸುಕ್ಕುಗಟ್ಟಿ ಜೋಲು ಬೀಳುತ್ತದೆ. ತೋಳಿನ ಅಸ್ತರನ್ನೂ ಬಿಟ್ಟರು. ಯಾಕೆ ಅಂತ ಕೇಳಿದೆ. ತೋಳಿಗೆ ಹತ್ತಿ ಹಾಕಿದರೆ ಒಳಗಿನ ಕುರ್ತಾದ ತೋಳು ಅದಕ್ಕೆ ಸಿಕ್ಕಿಕೊಂಡು ಮೇಲಕ್ಕೆ ಸರಿಯುತ್ತದಂತೆ, ಹಾಕಿಕೊಳ್ಳಲು ಜಾರಬೇಕಂತೆ. ಭುಜದ ಪ್ಯಾಡ್ ತೆಗೆದು ತೆಳುವಾದದ್ದು ಇಟ್ಟರು. ಅಸ್ತರ್ ಇಲ್ಲದ ಕಡೆ ಕಾಣುವ ಹೊಲಿಗೆಗಳಿಗೆಲ್ಲ ಪೈಪಿಂಗ್ ಕೊಟ್ಟರು, ಯಾರಾದರೂ ಮಗುಚಿ ನೋಡಿದರೂ ಅಸಹ್ಯ ಕಾಣಬಾರದು ಅಂತ. ಪಕ್ಕದ ಸೀಳನ್ನು ಎರಡು ಇಂಚು ಮೇಲಕ್ಕೆ ತಂದರು. ಕತ್ತಿನ ಹುಕ್ ಅರ್ಧ ಇಂಚು ಸರಿಸಿದರು. ಈ ಅರ್ಧ ಇಂಚು ಎಷ್ಟು ಮುಖ್ಯ ಅಂತ ಕತ್ತು ಬಿಗಿದು ಕೂತವರಿಗೇ ಗೊತ್ತು. ಒಳಗೆ ಹಾಕಲು ತೋಳಿಲ್ಲದ ಸಡಿಲ ಮಲ್‌ಮಲ್ ಕುರ್ತಾ ಒಂದು ಬೇರೆ. ಹತ್ತಿ ದಪ್ಪಗಿದ್ದರೆ ನೆನೆದು ಮೈಗೆ ಅಂಟುತ್ತದೆ, ಬೇಗ ಒಣಗುವುದೂ ಇಲ್ಲ. ತೆಳುವಾಗಿ, ಸಡಿಲವಾಗಿ ಇದ್ದರೇ ಪ್ರಯೋಜನ.

ಲೆಕ್ಕ: ಮೂರು ಮೀಟರ್ ಮಲ್‌ಮಲ್‌ಗೆ 240 ರೂಪಾಯಿ, ಪೈಪಿಂಗ್ ಮತ್ತು ದಾರಕ್ಕೆ 40. ಒಟ್ಟು 280. ಒಂಬತ್ತೂವರೆ ಸಾವಿರದ ಸ್ಥಿರ ಆಸ್ತಿಗೆ 280 ರೂಪಾಯಿಯ ದುರಸ್ತಿ. ಅಬ್ಬಾ ಬದುಕಿನಲ್ಲಿ ಅದನ್ನು ಇನ್ನೆಷ್ಟು ಸಲ ಹಾಕುತ್ತಾರೋ, ಅದಕ್ಕೆ ಸವಕಳಿ ಹೇಗೆ ಲೆಕ್ಕ ಹಾಕುವುದೋ, ನಮ್ಮ ಅಕೌಂಟೆನ್ಸಿ ಮೇಷ್ಟ್ರನ್ನು ಕೇಳಬೇಕು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ನಮ್ಮಲ್ಲಿ ಗಂಡಸರು ಅಪ್ಪಟ ರೇಷ್ಮೆ ಹಾಕುವ ಹಾಗಿಲ್ಲ. ಆದರೂ ಮದುವೆಗೆ ಹೊಳಪು ಬೇಕು. ಹಾಗಾಗಿ ಅಂಗಡಿಯಲ್ಲಿ ರೇಷ್ಮೆಯ ಹಾಗೆ ಮಿನುಗುವ ಎಷ್ಟೋ ಶೇರ್ವಾನಿಗಳು ಪಾಲಿಯೆಸ್ಟರಿನವೇ. ಹಿಂದಿನವರು ಇದಕ್ಕೆ ಬೇರೆ ದಾರಿ ಕಂಡುಕೊಂಡಿದ್ದರು. ಗುಜರಾತಿನ ಪಾಟಣ್ ಮತ್ತು ಮಾಂಡ್ವಿಯಲ್ಲಿ ಮಶ್ರೂ ಅಂತ ಒಂದು ಬಟ್ಟೆ ನೇಯುತ್ತಾರೆ. ಹೊರಮುಖಕ್ಕೆ ರೇಷ್ಮೆ ನೂಲು, ಮೈಗೆ ತಾಗುವ ಒಳಮುಖಕ್ಕೆ ಹತ್ತಿ. ಮಶ್ರೂ ಎನ್ನುವ ಹೆಸರಿನ ಅರ್ಥವೇ 'ಅನುಮತಿ ಇರುವುದು'. ಧರ್ಮದ ನಿಯಮಕ್ಕೂ ಸರಿ, ಸೆಕೆಗೂ ಸರಿ. ನಮ್ಮ ಶೇರ್ವಾನಿ ಇದರ ತದ್ವಿರುದ್ಧ, ಹೊರಗೇನೋ ಚೆಂದ, ಮೈಗೆ ತಾಗುವ ಕಡೆಯೇ ಪ್ಲಾಸ್ಟಿಕ್. ಅಬ್ಬಾ ಮಶ್ರೂ ಹೆಸರು ಕೇಳಿರಲಿಲ್ಲ. ನಾನು ಹೇಳಿದಾಗ, 'ನೋಡು, ಅವರಿಗೆ ಗೊತ್ತಿತ್ತು' ಅಂತ ಖುಷಿಪಟ್ಟರು.

ಶೇರ್ವಾನಿಯೇ ಕರಾವಳಿಯಲ್ಲಿ ಹುಟ್ಟಿದ ಉಡುಪಲ್ಲ. ನಮ್ಮ ಹಳೆಯ ಅಚ್ಕನ್‌ಗೂ ಬ್ರಿಟಿಷರ ಉದ್ದ ಕೋಟಿಗೂ ನಂಟು ಬೆಳೆದು 19ನೇ ಶತಮಾನದಲ್ಲಿ ರೂಪುಗೊಂಡದ್ದು. ಹೈದರಾಬಾದ್ ದರ್ಬಾರಿನಲ್ಲಿ ನಡೆಯಿತು, ಅಲಿಗಢದ ವಿದ್ಯಾರ್ಥಿಗಳಿಗೆ ಕಪ್ಪು ಶೇರ್ವಾನಿ ಸಮಾರಂಭದ ಉಡುಪಾಯಿತು. ಅಲಿಗಢದಲ್ಲಿ ಡಿಸೆಂಬರ್, ಜನವರಿಯ ಚಳಿಗೆ ಅದು ಹಿತ. ಮೇ ತಿಂಗಳ ಉಳ್ಳಾಲಕ್ಕೆ ಅಂತ ಯಾರೂ ಅದನ್ನು ಕಲ್ಪಿಸಿಕೊಂಡಿರಲಿಕ್ಕಿಲ್ಲ.

ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ಟೆಂಪೋ ಟ್ರಾವೆಲರ್ ಹೊರಟಿತು. ಲಿಂಗದಹಳ್ಳಿ, ಚಿಕ್ಕಮಗಳೂರು, ಮೂಡಿಗೆರೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದಾಗ ಸ್ವೆಟರ್ ಬೇಕು ಅನ್ನಿಸುವಷ್ಟು ಮಂಜು. ಚಾರ್ಮಾಡಿ ಘಾಟಿ ಇಳಿದದ್ದೇ ತಡ, ಕಿಟಕಿಯಿಂದ ಬರುವ ಗಾಳಿ ಒದ್ದೆ ಟವಲ್ಲಿನ ಹಾಗೆ ಮುಖಕ್ಕೆ ಬಡಿಯಿತು. ಸುಮಾರು 700 ಮೀಟರ್ ಎತ್ತರದ ಊರಿನವರು ಸಮುದ್ರದ ಮಟ್ಟಕ್ಕೆ ಇಳಿದಿದ್ದೆವು. ಮಾಮು ಅಜ್ಜಂಪುರದಿಂದಲೇ ತಮ್ಮ ಕಪ್ಪು ಕೋಟು ಹಾಕಿಕೊಂಡು ಬಂದಿದ್ದರು. ಅಬ್ಬಾದು ಹ್ಯಾಂಗರಿನಲ್ಲಿ ನೇತಾಡುತ್ತಿತ್ತು. ಗಂಡಿನ ಸಂಬಂಧಿಕರ ಮನೆಯಲ್ಲಿ ಸ್ನಾನ ಮಾಡಿ, ಕಾಲು ಗಂಟೆ ಫ್ಯಾನಿನ ಕೆಳಗೆ ಬನಿಯನ್‌ನಲ್ಲಿ ಸುಮ್ಮನೆ ಕೂತು ಮೈ ಪೂರ್ತಿ ಆರಿದ ಮೇಲೆಯೇ ಅಬ್ಬಾ ಬಟ್ಟೆ ಹಾಕಿಕೊಂಡದ್ದು. ಸ್ನಾನದ ತೇವದ ಮೇಲೆಯೇ ಬಟ್ಟೆ ಹಾಕಿದರೆ ಅಲ್ಲಿ ಅದು ಸಂಜೆಯವರೆಗೂ ಆರುವುದಿಲ್ಲ.

ಹಾಲ್ ದೊಡ್ಡದು, ಎಸಿ ಇರಲಿಲ್ಲ. ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು, ಆದರೆ ವೇದಿಕೆಯ ಹಿಂದೆ ಹೂವಿನ ಪರದೆ ಕಟ್ಟಿ ಆ ಕಡೆಯ ಕಿಟಕಿ ಮುಚ್ಚಿಬಿಟ್ಟಿದ್ದರು. ನನಗೆ ಅಮ್ಮಿ ಕೊಟ್ಟಿದ್ದ ಕೆಲಸ ಒಂದೇ. ಇಪ್ಪತ್ತು ನಿಮಿಷಕ್ಕೊಮ್ಮೆ ಅಬ್ಬಾಗೆ ಅರ್ಧ ಲೋಟ ನೀರು, ನಡುವೆ ಒಮ್ಮೆ ಉಪ್ಪು ಹಾಕಿದ ನಿಂಬೆ ಶರಬತ್ತು. ನಾನು ಊಟಕ್ಕಿಂತ ಹೆಚ್ಚು ಅಬ್ಬಾರ ಹಣೆಯನ್ನೇ ನೋಡುತ್ತಿದ್ದೆ.

ನನಗೆ ಅಲ್ಲಿ ಆಶ್ಚರ್ಯವಾದದ್ದು ಅವರ ಹಿರಿಯರ ಉಡುಪು. ದುಲ್ಹೆಭಾಯಿ ಸೂಟ್ ಹಾಕಿದ್ದರು, ಅವರ ಗೆಳೆಯರೂ ಅಷ್ಟೇ. ಆದರೆ ಅವರ ತಂದೆ, ಚಿಕ್ಕಪ್ಪಂದಿರು, ಮಸೀದಿಯ ಹಿರಿಯರು ಎಲ್ಲರದ್ದೂ ಬಿಳಿ ಮುಂಡು, ಬಿಳಿ ಅಂಗಿ, ಬಿಳಿ ಟೋಪಿ. ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ಗೆರೆ ಕತ್ತಿಯ ಹಾಗೆ ನಿಂತಿತ್ತು. ಅದಕ್ಕಿಂತ ಗಂಭೀರವಾದ ಉಡುಪು ಆ ಹಾಲಿನಲ್ಲಿ ಇನ್ನೊಂದು ಇರಲಿಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ಕಡೆ ಗೌರವ ಅಂದರೆ ಮೇಲೆ ಒಂದು ಪದರ ಹೆಚ್ಚು ಹಾಕುವುದು. ಅಲ್ಲಿ ಒಂದೇ ಪದರ, ಆದರೆ ಕೊಳೆ ಇಲ್ಲ, ಸುಕ್ಕಿಲ್ಲ.

ಒಂದೂವರೆ ಗಂಟೆಯ ಹೊತ್ತಿಗೆ ದುಲ್ಹೆಭಾಯಿಯ ತಂದೆ ಬಂದು ಅಬ್ಬಾರ ಪಕ್ಕ ಕೂತರು. 'ಕೋಟು ತೆಗೀರಿ ಮಾರಾಯ್ರೆ, ಎಂಥ ಸೆಕೆ. ನಾವೇ ಅಲ್ವಾ ಇರುದು' ಅಂದರು.

'ಪರವಾಗಿಲ್ಲ ಹಾಜಿ ಸಾಹೇಬ್ರೇ, ಅಷ್ಟೇನೂ ಸೆಕೆ ಆಗ್ತಿಲ್ಲ' ಅಂದರು ಅಬ್ಬಾ.

ಹಾಜಿಯವರು ನಂಬಲಿಲ್ಲ. ಸಲಿಗೆಯಿಂದ ಶೇರ್ವಾನಿಯ ಅಂಚನ್ನು ಹಿಡಿದು ಎತ್ತಿದರು. ಒಳಗೆ ಅಸ್ತರ್ ಇಲ್ಲ, ಮೇಲೆ ಬಿಳಿ ಮಲ್‌ಮಲ್, ಹೊಲಿಗೆಗೆಲ್ಲ ಸಣ್ಣ ಪೈಪಿಂಗ್. ಮತ್ತೂ ಬಗ್ಗಿ ನೋಡಿದರು. 'ಇದು ಯಾರು ಮಾಡಿದ್ದು?' ಅಂತ ಕೇಳಿದರು. ಸಂಬಂಧ ಮಾತಾಡುವಾಗ ನಮ್ಮದು 'ಬಟ್ಟೆ ಕೆಲಸ' ಅಂತ ಮಾಮು ಹೇಳಿದ್ದರೇ ಹೊರತು ಟೈಲರ್ ಎನ್ನುವ ಪದ ಯಾರ ಬಾಯಿಂದಲೂ ಬಂದಿರಲಿಲ್ಲ. ಅಬ್ಬಾ ಒಂದು ಕ್ಷಣ ಸುಮ್ಮನಿದ್ದರು. ನನ್ನ ಕೈಯಲ್ಲಿ ನೀರಿನ ಲೋಟ ಹಾಗೇ ಇತ್ತು.

'ನಾನೇ. ನನ್ನ ಕಸುಬೇ ಇದು' ಅಂದರು.

ಹಾಜಿಯವರು ತಮ್ಮ ತಮ್ಮನನ್ನು ಕರೆದರು. ಅವರು ವಕೀಲರು. 'ನೋಡು ಇಲ್ಲಿ, ನಿನ್ನ ಕಪ್ಪು ಕೋಟಿಗೆ ಹೀಗೆ ಮಾಡಿಸ್ಬೇಕು' ಅಂದರು. ವಕೀಲರು ಕುರ್ಚಿ ಎಳೆದುಕೊಂಡು ಕೂತರು. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳನ್ನು ಬಿಟ್ಟರೆ ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಯಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆಯಂತೆ. 'ಆದ್ರೂ ಕೋಟಿಲ್ಲದಿದ್ರೆ ಕಕ್ಷಿಗಾರರಿಗೆ ನಾವು ವಕೀಲರ ಹಾಗೆ ಕಾಣುದಿಲ್ಲ' ಅಂತ ನಕ್ಕರು. ಆಮೇಲೆ ಮೂವರೂ ಅಸ್ತರ್, ಬಕ್ರಂ, ಭುಜದ ಪ್ಯಾಡ್ ಅಂತ ಅರ್ಧ ಗಂಟೆ ಮಾತಾಡಿದರು. ಅಬ್ಬಾ ಹೊಸಬರ ಎದುರು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಗುಂಪಿನ ಫೋಟೋ ಮುಗಿದ ಮೇಲೆ ಶೇರ್ವಾನಿ ತೆಗೆದು ನನ್ನ ಕೈಗೆ ಕೊಟ್ಟು ಊಟಕ್ಕೆ ಕೂತರು. ಮಾಮು ಅಷ್ಟರಲ್ಲಿ ಮೆಟ್ಟಿಲ ಬಳಿ ಗಾಳಿಗೆ ನಿಂತಿದ್ದರು. ಅವರ ಕೋಟಿನ ಬೆನ್ನ ಮೇಲೆ ಬೆವರಿನ ಉಪ್ಪು ಭೂಪಟದ ಹಾಗೆ ಮೂಡಿತ್ತು.

ಗಂಡಸರ ಕಥೆ ಇಷ್ಟು. ಹೆಂಗಸರದ್ದು ಮಹಡಿ ಮೇಲೆ, ಅಲ್ಲಿಗೆ ನಾನು ಹೋಗಲಿಲ್ಲ. ಅಮ್ಮಿ ಹೇಳಿದ್ದನ್ನು ಬರೆಯುತ್ತಿದ್ದೇನೆ. ಆಪಾಳ ವಲೀಮಾ ಲೆಹಂಗಾ ಸಮ್ಧಿಯವರ ಕಡೆಯಿಂದ ಬಂದದ್ದು, ಅದಕ್ಕೆ ಕತ್ತರಿ ಹಾಕುವ ಹಕ್ಕು ಅಬ್ಬಾಗೆ ಇರಲಿಲ್ಲ. ಜರಿ ಕೆಲಸ, ಒಳಗೆ ಉಬ್ಬಲು ನಾಲ್ಕು ಪದರ ಗಟ್ಟಿ ನೆಟ್, ಮೇಲೆ ದುಪಟ್ಟಾ, ಮುಖಕ್ಕೆ ನೇರವಾಗಿ ವಿಡಿಯೋ ಲೈಟು. ಮೂರು ಗಂಟೆ ಕೂತಿದ್ದಾಳೆ. ಕತ್ತಿನ ಸುತ್ತ ಜರಿ ಉಜ್ಜಿ ಕೆಂಪಗೆ ಬೊಬ್ಬೆ ಬಂದಿತ್ತು. 'ಸೆಕೆ' ಅಂತ ಹೇಳಬಾರದು, ಮದುಮಗಳು. ಅಬ್ಬಾರ ಶೇರ್ವಾನಿಗೆ ಇಡೀ ಮನೆ ಮೂರು ದಿನ ಚರ್ಚೆ ಮಾಡಿತು. ಆಪಾಳ ಲೆಹಂಗಾದ ತೂಕ ಎಷ್ಟು ಅಂತ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಅಮ್ಮಿ ಕೂಡ ರೇಷ್ಮೆ ಸೀರೆಯ ಮೇಲೆ ನಿದಾ ಬುರ್ಖಾ ಹಾಕಿದ್ದರು. ನಿದಾ ಹಗುರ, ಮೃದು, ಆದರೆ ಅದೂ ಪಾಲಿಯೆಸ್ಟರೇ. ಮೇಲೆ ಹೋದ ಕೂಡಲೇ ಬುರ್ಖಾ ತೆಗೆದಿಟ್ಟ ಮೇಲೆ ಜೀವ ಬಂತು ಅಂದರು.

ಅಲ್ಲೇ ಪಕ್ಕದ ಮನೆಯ ನಿವೃತ್ತ ಟೀಚರ್ ಒಬ್ಬರು ಬಂದಿದ್ದರಂತೆ, ಉಡುಪಿ ಸೀರೆ ಉಟ್ಟುಕೊಂಡು. ಕೈಮಗ್ಗದ ಹತ್ತಿ ಸೀರೆ, ಸಣ್ಣ ಅಂಚು. ಅಷ್ಟು ಜರಿಯ ನಡುವೆ ಅಮ್ಮಿಯ ಕಣ್ಣು ಅದರ ಮೇಲೆಯೇ ಇತ್ತು. ಕಿನ್ನಿಗೋಳಿಯ ಕಡೆ ಇದನ್ನು ಈಗಲೂ ನೇಯುತ್ತಾರೆ, 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸಮುದ್ರದ ಪಕ್ಕದವರಿಗೆ ಸಮುದ್ರದ ಹವೆಗೆ ತಕ್ಕ ಬಟ್ಟೆ ಮೊದಲಿನಿಂದಲೂ ಇದೆ. ಅದನ್ನು ದೊಡ್ಡ ಸಮಾರಂಭಕ್ಕೆ ಸಲ್ಲುವ ಬಟ್ಟೆ ಅಂತ ಒಪ್ಪುವುದಕ್ಕೆ ಮಾತ್ರ ಯಾರೋ ಒಬ್ಬರು ಮೊದಲು ಉಡಬೇಕು. ಫಿಲಿಪೈನ್ಸ್‌ನಲ್ಲಿ ಹಾಗೆಯೇ ಆಯಿತು. ಅದೂ ಸಮುದ್ರದ ನಡುವಿನ ಸೆಕೆಯ ದೇಶ. ಅಲ್ಲಿ ಅನಾನಸ್ ಎಲೆಯ ನಾರಿನಿಂದ ನೇಯ್ದ, ಒಳಗಿನದ್ದು ಕಾಣುವಷ್ಟು ತೆಳುವಾದ ಬಾರೊಂಗ್ ಎನ್ನುವ ಅಂಗಿ ಇದೆ. 1953ರಲ್ಲಿ ರಾಮೋನ್ ಮಗ್ಸೆಸೆ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಕೋಟಿನ ಬದಲು ಅದನ್ನೇ ತೊಟ್ಟರು. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ನಾವು ಓದುವ ಮ್ಯಾಗ್ಸೆಸೆ ಪ್ರಶಸ್ತಿ ಇರುವುದು ಇವರ ಹೆಸರಿನಲ್ಲೇ. ಈಗ ಅಲ್ಲಿ ಮದುವೆಗೂ ಸರ್ಕಾರಿ ಸಮಾರಂಭಕ್ಕೂ ಗಂಡಸರಿಗೆ ಬಾರೊಂಗ್ ಇದ್ದರೆ ಸಾಕು, ಟೈ ಬೇಡ.

ನಮ್ಮ ಸೆಕೆಂಡ್ ಪಿಯುಸಿಯವರು ಬೀಳ್ಕೊಡುಗೆಗೆ ಬ್ಲೇಜರ್ ಬಾಡಿಗೆಗೆ ತರುವ ಮಾತಾಡುತ್ತಿದ್ದಾರೆ. ಇಲ್ಲಿನ ಒಣಹವೆಯಲ್ಲಿ ತೊಂದರೆ ಇಲ್ಲ, ಧಾರಾಳವಾಗಿ ಹಾಕಿಕೊಳ್ಳಿ. ಆದರೆ ನಮ್ಮಲ್ಲಿ ಕೆಲವರು ಮುಂದೆ ಓದಲು ಮಂಗಳೂರು, ಮಣಿಪಾಲದ ಕಡೆ ಹೋಗುವವರಿದ್ದಾರೆ. ಅಲ್ಲಿ ಕೋಟು ಹಾಕಲೇಬೇಕಾದ ದಿನ ಬಂದರೆ ತೆಗೆದುಕೊಳ್ಳುವ ಮೊದಲು ಒಳಗಡೆ ಮಗುಚಿ ನೋಡಿ. ಪೂರ್ತಿ ಅಸ್ತರ್ ಇದ್ದರೆ ಬೆನ್ನಿನದ್ದನ್ನು ತೆಗೆಸಿ, ಬಾಡಿಗೆಯದ್ದಾದರೆ ಅದೂ ಆಗುವುದಿಲ್ಲ. ಹಾಕಿಕೊಂಡು ಬಸ್ ಹತ್ತಬೇಡಿ.

ಆಪಾ ಹದಿನೈದು ದಿನ ಬಿಟ್ಟು ಬಂದಾಗ ಲೆಹಂಗಾವನ್ನು ಜೊತೆಗೇ ತಂದಿದ್ದಳು. ಅವಳ ಅತ್ತೆಯೇ ಕಳಿಸಿದ್ದು, 'ನಿಮ್ಮ ಅಬ್ಬನ ಹತ್ರ ಸ್ವಲ್ಪ ಹಗುರ ಮಾಡಿಸು' ಅಂತ. ಅಬ್ಬಾ ನೆಟ್‌ನ ಎರಡು ಪದರ ತೆಗೆದು, ಕತ್ತಿನ ಸುತ್ತ ಒಳಗಡೆ ಮಲ್‌ಮಲ್ ಪಟ್ಟಿ ಹೊಲಿದರು. ಅಂಗಡಿಯಲ್ಲಿ ಈಗ ಯಾರಾದರೂ ಶೇರ್ವಾನಿ ಹೊಲಿಸಲು ಬಂದರೆ ಟೇಪ್ ಹಿಡಿಯುವ ಮೊದಲು, 'ಮದುವೆ ಯಾವ ಊರಲ್ಲಿ?' ಅಂತ ಕೇಳುತ್ತಾರೆ.

ಕಳೆದ ವಾರ ಅಜ್ಜಂಪುರದ ಮಾಮು ಬಂದಿದ್ದರು. ಭಟ್ಕಳದಲ್ಲಿ ಯಾರದೋ ಮದುವೆ ಇದೆಯಂತೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಹೊರಡುವಾಗ ಚೀಲದಿಂದ ಕಪ್ಪು ಕೋಟು ತೆಗೆದು ಮೇಜಿನ ಮೇಲಿಟ್ಟರು. 'ಇದರದ್ದೂ ಸ್ವಲ್ಪ ಒಳಗೆ ನೋಡಿ ಭಾಯಿ' ಅಂದರು.